ಕೂಡಿ ಆರಿಸಿದ ಓದು

ಈ ಸಂಚಿಕೆಗೆ ಗ್ರಂಥಾಲಯದ ಇತಿಹಾಸ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದ ಮೇಲೆ ನಾನು ಮೊದಲು ಹೋಗಿ ನೋಡಿದ್ದು ಅಕ್ಸೆಶನ್ ರಿಜಿಸ್ಟರುಗಳನ್ನು. ಬಟ್ಟೆಯ ಬೆನ್ನು ಕಟ್ಟಿದ ಆ ದಪ್ಪ ಪುಸ್ತಕಗಳಲ್ಲಿ ಕಾಲೇಜು ಕೊಂಡ ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ಸಾಲು ಇದೆ. ಯಾವ ಅಂಗಡಿಯಿಂದ ಬಂತು, ಎಷ್ಟು ಕೊಟ್ಟೆವು, ಯಾವ ವರ್ಷ ಗೆದ್ದಲು ಹಿಡಿದು ತೆಗೆದುಹಾಕಿದೆವು, ಎಲ್ಲವೂ ಇದೆ. ಆದರೆ ನನ್ನ ಸೇವಾವಧಿಯಲ್ಲಿ ಈ ಗ್ರಂಥಾಲಯಕ್ಕೆ ಬಂದ ಅತಿ ದೊಡ್ಡ ಸಂಗ್ರಹ ಮಾತ್ರ ಆ ರಿಜಿಸ್ಟರುಗಳಲ್ಲಿ ಎಲ್ಲಿಯೂ ಇಲ್ಲ. ಸಾವಿರಾರು ಜರ್ನಲುಗಳು, ಲಕ್ಷ ದಾಟುವ ಇ-ಪುಸ್ತಕಗಳು ಒಂದು ಮೊಹರೂ ಬೀಳದೆ ಬಂದವು. ಅವನ್ನು ನಾವು ಕೊಳ್ಳಲಿಲ್ಲ, ನಾವೊಬ್ಬರೇ ಆರಿಸಲೂ ಇಲ್ಲ. ದೇಶದ ನೂರಾರು ಗ್ರಂಥಾಲಯಗಳು ಜೊತೆಗೂಡಿ ಆರಿಸಿ, ಚೌಕಾಶಿ ಮಾಡಿ, ಹಂಚಿಕೊಂಡ ಓದು ಅದು. ಕಟ್ಟಡ, ಕಪಾಟುಗಳ ಕಥೆ ವಾರ್ಷಿಕ ವರದಿಗಳಲ್ಲಿ ಸಿಗುತ್ತದೆ. ಇದು ಎಲ್ಲಿಯೂ ಸಿಗುವುದಿಲ್ಲವಾದ್ದರಿಂದ ಇದನ್ನೇ ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ವಾಚನಾಲಯದ ಸ್ಟ್ಯಾಂಡಿನಲ್ಲಿ 'ಪ್ರಬುದ್ಧ ಕರ್ಣಾಟಕ', 'ಕರೆಂಟ್ ಸೈನ್ಸ್', 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ', 'ಸೈನ್ಸ್ ರಿಪೋರ್ಟರ್' ಮತ್ತು ಒಂದಿಷ್ಟು ವಾರಪತ್ರಿಕೆಗಳು ಇದ್ದವು. ಹೊರದೇಶದ ಸಂಶೋಧನಾ ಜರ್ನಲ್ ಒಂದೂ ಇರಲಿಲ್ಲ. ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದರು. ತಿಂಗಳಿಗೊಮ್ಮೆ ಪ್ರಿನ್ಸಿಪಾಲರಿಂದ ಒಂದು ಪತ್ರ ಬರೆಸಿಕೊಂಡು, ರಜೆ ಹಾಕಿ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುತ್ತಿದ್ದರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಂಥಾಲಯದಲ್ಲಿ ಇಡೀ ದಿನ ಕೂತು, ಜೆರಾಕ್ಸ್ ಕಟ್ಟು ಚೀಲದಲ್ಲಿ ತುಂಬಿಕೊಂಡು ಮರುದಿನ ಬೆಳಗ್ಗೆ ನೇರ ತರಗತಿಗೆ ಬರುತ್ತಿದ್ದರು. ಹೋಗುವ ಮುಂಚೆ ಬೇಕಾದ ಲೇಖನಗಳ ವಿವರವನ್ನು ನನ್ನ ಹತ್ತಿರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಸಿಕ್ಕಿದ್ದಕ್ಕೆ ಬಂದ ಮೇಲೆ ಗೆರೆ ಎಳೆಯುತ್ತಿದ್ದರು. ಕ್ರಮೇಣ ಬೇರೆ ಅಧ್ಯಾಪಕರೂ ಅದರಲ್ಲಿ ಬರೆಯತೊಡಗಿದರು. ಗೆರೆ ಬೀಳದ ಸಾಲುಗಳೇ ಹೆಚ್ಚಾಗುತ್ತ ಹೋದವು. ಆ ಪುಸ್ತಕಕ್ಕೆ ನಾನು ಇಟ್ಟ ಹೆಸರು 'ಸಿಗದ ಲೇಖನಗಳು'.

ದೊಡ್ಡ ಗ್ರಂಥಾಲಯಗಳಲ್ಲಿ ಎಲ್ಲವೂ ಇದೆ ಎಂದು ನಾವು ತಿಳಿದಿದ್ದ ಕಾಲದಲ್ಲಿ ಅಲ್ಲಿಯವರು ಬೇರೆಯದೇ ಸಂಕಟದಲ್ಲಿದ್ದರು. ಜರ್ನಲುಗಳ ಚಂದಾ ಡಾಲರು, ಪೌಂಡುಗಳಲ್ಲಿ. 1991ರ ಜುಲೈನಲ್ಲಿ ಮೂರು ದಿನಗಳೊಳಗೆ ಎರಡು ಸಲ ರೂಪಾಯಿಯ ಮೌಲ್ಯ ಇಳಿಸಿದಾಗ, ಅದೇ ಅನುದಾನಕ್ಕೆ ಬರುವ ಜರ್ನಲುಗಳ ಸಂಖ್ಯೆ ಏಕಾಏಕಿ ಕುಸಿಯಿತು. ಏನನ್ನು ತರಿಸಬೇಕು ಎಂಬ ಚರ್ಚೆ ನಿಂತು ಏನನ್ನು ಬಿಡಬೇಕು ಎಂಬ ಚರ್ಚೆ ಶುರುವಾಯಿತು. ಒಂಟಿಯಾಗಿ ಬಿಡುವುದರಲ್ಲಿ ಒಂದು ಅಪಾಯವಿದೆ. ಒಂದೇ ಊರಿನ ಎರಡು ಸಂಸ್ಥೆಗಳು, ಇನ್ನೊಬ್ಬರಲ್ಲಿ ಇದ್ದೀತು ಎಂದುಕೊಂಡು ಒಂದೇ ಜರ್ನಲನ್ನು ನಿಲ್ಲಿಸಿದರೆ ಇಡೀ ಊರಿಗೇ ಅದು ಇಲ್ಲವಾಗುತ್ತದೆ. ಹಾಗಾಗಿ ಬಿಡುವುದನ್ನಾದರೂ ಮಾತಾಡಿಕೊಂಡು ಬಿಡಬೇಕಾಗಿತ್ತು.

ಈ ಮಾತುಕತೆಯ ಅಭ್ಯಾಸ ಬೆಂಗಳೂರಿನಲ್ಲಿ ಅದಕ್ಕೂ ಹತ್ತು ವರ್ಷ ಮೊದಲೇ ಬೇರು ಬಿಟ್ಟಿತ್ತು. ಖಗೋಳವಿಜ್ಞಾನದ ಗ್ರಂಥಾಲಯಗಳ ವೇದಿಕೆಯಾದ 'ಫೋರ್ಸಾ' 1981ರಲ್ಲಿ ಹುಟ್ಟಿತು. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ಅದರ ಮುಂಚೂಣಿಯಲ್ಲಿದ್ದವು. ದೇಶದ ಬೇರೆ ಬೇರೆ ಊರುಗಳ ಖಗೋಳ ಗ್ರಂಥಾಲಯಗಳು ಅದರಲ್ಲಿ ಜೊತೆಗೂಡಿದವು. ಆಗ ಇಂಟರ್‌ನೆಟ್ ಇರಲಿಲ್ಲ. ಯಾರ ಹತ್ತಿರ ಯಾವ ಜರ್ನಲಿನ ಯಾವ ಸಂಪುಟ ಇದೆ ಎಂಬ ಸಂಯುಕ್ತ ಸೂಚಿ ಮಾಡುವುದು, ಒಬ್ಬರಲ್ಲಿ ಎರಡು ಪ್ರತಿ ಇದ್ದರೆ ಇಲ್ಲದವರಿಗೆ ಕೊಡುವುದು, ಕೇಳಿದ ಲೇಖನದ ಪ್ರತಿಯನ್ನು ಅಂಚೆಯಲ್ಲಿ ಕಳಿಸುವುದು ಇಷ್ಟೇ ಕೆಲಸ. ಆದರೆ ಮುಂದೆ ಜರ್ನಲುಗಳು ಪರದೆಗೆ ಬಂದಾಗ ಈ ಗ್ರಂಥಪಾಲಕರು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗಿರಲಿಲ್ಲ. ಪಟ್ಟಿ ಹಂಚಿಕೊಂಡು ಹಂಚಿಕೊಂಡು ಬೆಳೆದ ನಂಬಿಕೆ ಇತ್ತು. ಅದರ ಮೇಲೆಯೇ ಒಟ್ಟಾಗಿ ಇ-ಜರ್ನಲುಗಳನ್ನು ತರಿಸುವ ಒಕ್ಕೂಟವಾಗಿ ಅವರು ಬೆಳೆದರು. ನಾನು ಕಂಡಂತೆ, ಯಾವ ಒಕ್ಕೂಟದ ನಿಜವಾದ ಬಂಡವಾಳವೂ ಇದೇ.

ಮೈಸೂರಿನಲ್ಲೂ ತೊಂಬತ್ತರ ದಶಕದಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಆವರಣದಿಂದ 'ಮೈಲಿಬ್‌ನೆಟ್' ಎಂಬ ಜಾಲ ಶುರುವಾಗಿ ಊರಿನ ಗ್ರಂಥಾಲಯಗಳನ್ನು ಬೆಸೆಯಲು ಪ್ರಯತ್ನಿಸಿತು. ದೆಹಲಿ, ಕಲ್ಕತ್ತಾಗಳಲ್ಲೂ ಇಂಥವು ಇದ್ದವು. ಅವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಇ-ಜರ್ನಲ್ ಬಂದಾಗ ಗ್ರಂಥಪಾಲಕರ ಕೆಲಸದ ಬುಡವೇ ಅಲುಗಿತು. ಮುದ್ರಿತ ಸಂಚಿಕೆ ಒಮ್ಮೆ ಕೊಂಡರೆ ನಮ್ಮದು. ಚಂದಾ ನಿಲ್ಲಿಸಿದರೂ ಹಳೆಯ ಸಂಪುಟ ಬೈಂಡ್ ಆಗಿ ಕಪಾಟಿನಲ್ಲಿ ಕೂತಿರುತ್ತದೆ. ಇ-ಜರ್ನಲಿಗೆ ಕೊಡುವುದು ಬೆಲೆ ಅಲ್ಲ, ಬಾಡಿಗೆ. ಕೈಗೆ ಬರುವುದು ಒಂದು ಪರವಾನಗಿ ಒಪ್ಪಂದ. ಅದರಲ್ಲಿ ಯಾರು ಓದಬಹುದು, ಎಲ್ಲಿ ಕೂತು ಓದಬಹುದು, ಎಷ್ಟು ಪುಟ ಮುದ್ರಿಸಬಹುದು, ಇನ್ನೊಂದು ಗ್ರಂಥಾಲಯ ಕೇಳಿದರೆ ಒಂದು ಲೇಖನ ಕಳಿಸಬಹುದೇ ಎಂದೆಲ್ಲ ಬರೆದಿರುತ್ತದೆ. ಚಂದಾ ನಿಂತ ಮೇಲೆ, ಹಣ ಕೊಟ್ಟಿದ್ದ ವರ್ಷಗಳ ಸಂಚಿಕೆಗಳಾದರೂ ಓದಲು ಸಿಗುತ್ತವೆಯೇ ಎಂಬ ಒಂದು ಪ್ರಶ್ನೆಗೆ ಸ್ಪಷ್ಟ ಉತ್ತರ ಬರೆಸಿಕೊಳ್ಳದಿದ್ದರೆ ಹತ್ತು ವರ್ಷದ ಹಣ ನೀರಿಗೆ ಹಾಕಿದಂತೆ. ವಕೀಲರನ್ನು ಇಟ್ಟುಕೊಂಡ ದೊಡ್ಡ ಪ್ರಕಾಶನ ಸಂಸ್ಥೆಯ ಎದುರು ಒಬ್ಬ ಗ್ರಂಥಪಾಲಕ ಕೂತು ಇದನ್ನೆಲ್ಲ ವಾದಿಸುವುದು ಎಲ್ಲಿ ಬಂತು? ಅಮೆರಿಕದ ಒಹಾಯೊ ರಾಜ್ಯದ 'ಒಹಾಯೊಲಿಂಕ್'ನಂಥ ಒಕ್ಕೂಟಗಳು ಇದನ್ನು ಬೇಗ ಕಂಡುಕೊಂಡವು. ಇಂಥ ಒಕ್ಕೂಟಗಳ ಅಂತರರಾಷ್ಟ್ರೀಯ ಕೂಟವಾದ 'ಐಕೊಲ್ಕ್' 1998ರಲ್ಲಿ, ಇ-ಮಾಹಿತಿಯನ್ನು ಆರಿಸಿ ಕೊಳ್ಳುವಾಗ ಗ್ರಂಥಾಲಯಗಳು ಏನನ್ನು ಒಪ್ಪಬೇಕು, ಏನನ್ನು ಕೇಳಿ ಪಡೆಯಬೇಕು ಎಂದು ಒಂದು ಹೇಳಿಕೆಯನ್ನೇ ಹೊರಡಿಸಿತು.

ನಮ್ಮ ದೇಶದಲ್ಲಿ ಈ ಕೆಲಸ 2003ರ ಸುಮಾರಿಗೆ ಹಲವು ಕಡೆ ಒಟ್ಟಿಗೆ ಶುರುವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಬಾಲಕೃಷ್ಣನ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ ಶಿಫಾರಸು ಮಾಡಿತು. ಅದರ ಫಲವಾಗಿ ಐಐಟಿ, ಐಐಎಂ ಮತ್ತಿತರ ತಾಂತ್ರಿಕ ಸಂಸ್ಥೆಗಳಿಗಾಗಿ ಕೇಂದ್ರ ಸರ್ಕಾರ 2003ರಲ್ಲಿ 'ಇಂಡೆಸ್ಟ್' ಒಕ್ಕೂಟ ಆರಂಭಿಸಿತು. ಅದರ ಕೇಂದ್ರ ದೆಹಲಿಯ ಐಐಟಿಯಲ್ಲಿತ್ತು. ಅದೇ ವರ್ಷ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ವೈದ್ಯಕೀಯ, ದಂತವೈದ್ಯ, ನರ್ಸಿಂಗ್ ಕಾಲೇಜುಗಳಿಗಾಗಿ 'ಹೆಲಿನೆಟ್' ಕಟ್ಟಿತು. ಒಂದು ರಾಜ್ಯ ವಿಶ್ವವಿದ್ಯಾಲಯ ತನಗೆ ಸೇರಿದ ಕಾಲೇಜುಗಳನ್ನೆಲ್ಲ ಒಂದೇ ಚಂದಾದಡಿ ತಂದ ಆ ಪ್ರಯೋಗಕ್ಕೆ ಕರ್ನಾಟಕದವರು ಹೆಮ್ಮೆಪಡಬೇಕು. 2003ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಯುಜಿಸಿ-ಇನ್ಫೋನೆಟ್ ಡಿಜಿಟಲ್ ಲೈಬ್ರರಿ ಒಕ್ಕೂಟವನ್ನು ಉದ್ಘಾಟಿಸಿದರು. ಅದನ್ನು ನಡೆಸುವ ಹೊಣೆ ಗುಜರಾತಿನ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. 2004ರಲ್ಲಿ ಮೊದಲ ಹಂತದಲ್ಲಿ 50 ವಿಶ್ವವಿದ್ಯಾಲಯಗಳು, ಮರುವರ್ಷ ಇನ್ನೂ 50 ಅದರೊಳಗೆ ಬಂದವು. ಕೃಷಿ ಸಂಸ್ಥೆಗಳಿಗೆ 2007ರಲ್ಲಿ 'ಸೆರಾ' ಬಂತು.

ಜರ್ನಲುಗಳು ಸಾವಿರಗಟ್ಟಲೆ ಬಂದ ಮೇಲೆ ಅವುಗಳೊಳಗೆ ಹುಡುಕುವುದು ಹೇಗೆ? ಅದಕ್ಕೆ ಬಳಕೆಗೆ ಬಂದದ್ದು ಬೆಂಗಳೂರಿನ ಇನ್ಫರ್ಮ್ಯಾಟಿಕ್ಸ್ ಇಂಡಿಯಾ ಸಂಸ್ಥೆ 2001ರಲ್ಲಿ ರೂಪಿಸಿದ 'ಜೆ-ಗೇಟ್'. ಯುಜಿಸಿ-ಇನ್ಫೋನೆಟ್ ಒಕ್ಕೂಟಕ್ಕಾಗಿಯೇ ಅದರ ವಿಶೇಷ ರೂಪವೊಂದು ಸಿದ್ಧವಾಯಿತು. ಒಕ್ಕೂಟದಲ್ಲೂ ಇಲ್ಲದ ಲೇಖನವನ್ನು ತಮ್ಮ ಮುದ್ರಿತ ಸಂಗ್ರಹದಿಂದ ಒದಗಿಸಲು 22 ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಗೊತ್ತುಮಾಡಿದರು. ಫೋರ್ಸಾದವರು ಅಂಚೆಯಲ್ಲಿ ಮಾಡುತ್ತಿದ್ದ ಕೆಲಸವೇ ದೇಶದ ಮಟ್ಟಕ್ಕೆ ಬಂದಿತ್ತು.

ಇಲ್ಲಿ ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸರ್ಕಾರ ಹಣ ಕೊಟ್ಟಿತು, ಜರ್ನಲ್ ಬಂತು ಎಂದಷ್ಟೇ ಹಲವರು ತಿಳಿದಿದ್ದಾರೆ. ಒಕ್ಕೂಟದ ಆಯ್ಕೆಯಲ್ಲಿ ಮೊದಲು ಬೇಡಿಕೆಗಳ ಪಟ್ಟಿ ಆಗುತ್ತದೆ. ವಿಷಯತಜ್ಞರು, ಗ್ರಂಥಪಾಲಕರು ಕೂತು ಯಾವ ಪ್ರಕಾಶಕರ ಯಾವ ಸಂಗ್ರಹ ಬೇಕು ಎಂದು ನೋಡುತ್ತಾರೆ. ಒಂದೇ ಜರ್ನಲು ಎರಡು ಸಂಗ್ರಹಗಳಲ್ಲಿ ಸೇರಿಕೊಂಡು ಎರಡು ಸಲ ಹಣ ಹೋಗುತ್ತದೆಯೇ ಎಂದು ತಾಳೆ ಹಾಕುತ್ತಾರೆ. ಕೆಲವು ತಿಂಗಳು ಪರೀಕ್ಷಾರ್ಥ ಬಳಕೆಗೆ ತೆರೆಸಿ ಓದುಗರು ಅದನ್ನು ಮುಟ್ಟುತ್ತಾರೆಯೇ ಎಂದು ಗಮನಿಸುತ್ತಾರೆ. ಆಮೇಲೆ ಬೆಲೆಯ ಮಾತು. ಇಲ್ಲಿ ಒಕ್ಕೂಟದ ಕೈಯಲ್ಲಿದ್ದ ದೊಡ್ಡ ಅಸ್ತ್ರ ನಮ್ಮ ಬಡತನವೇ ಆಗಿತ್ತು. ಈ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ನಿಮ್ಮ ಜರ್ನಲನ್ನು ಯಾವತ್ತೂ ತರಿಸಿದವಲ್ಲ, ನಾವು ಕೊಡುವ ಪ್ರತಿ ರೂಪಾಯಿಯೂ ನಿಮಗೆ ಹೊಸ ಆದಾಯ, ಇನ್ನೊಬ್ಬ ಓದುಗನಿಗೆ ತೆರೆದರೆ ನಿಮಗೆ ಕಾಗದದ ಖರ್ಚಿಲ್ಲ, ಅಂಚೆಯ ಖರ್ಚೂ ಇಲ್ಲ, ಎಂಬ ವಾದಕ್ಕೆ ಉತ್ತರ ಹೇಳುವುದು ಸುಲಭವಿರಲಿಲ್ಲ.

ಬಂದ ಮೇಲೆ ಲೆಕ್ಕದ ಕೆಲಸ. ಎಷ್ಟು ಜನ ಓದಿದರು ಎಂಬುದನ್ನು ಎಲ್ಲ ಪ್ರಕಾಶಕರೂ ಒಂದೇ ರೀತಿಯಲ್ಲಿ ಎಣಿಸಿ ಕೊಡಬೇಕೆಂದು 'ಕೌಂಟರ್' ಎಂಬ ಅಂತರರಾಷ್ಟ್ರೀಯ ನಿಯಮಾವಳಿ 2003ರಲ್ಲಿ ಜಾರಿಗೆ ಬಂತು. ಅದಕ್ಕೆ ಮುಂಚೆ ಒಬ್ಬರು ಕ್ಲಿಕ್ಕನ್ನು ಎಣಿಸಿದರೆ ಇನ್ನೊಬ್ಬರು ಪುಟವನ್ನು ಎಣಿಸುತ್ತಿದ್ದರು. ಈಗ ಒಂದು ಲೇಖನ ಓದಲು ಸರಾಸರಿ ಎಷ್ಟು ರೂಪಾಯಿ ಬಿತ್ತು ಎಂದು ಹೋಲಿಸಿ ನೋಡಿ, ಮುಂದಿನ ವರ್ಷ ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸಬಹುದು. ಈ ಲೆಕ್ಕ ಬೇಕು. ಆದರೆ ಇದೊಂದನ್ನೇ ನಂಬುವುದನ್ನು ನಾನು ಒಪ್ಪುವುದಿಲ್ಲ. ಗಣಿತದ ಒಂದು ಲೇಖನವನ್ನು ಒಮ್ಮೆ ಇಳಿಸಿಕೊಂಡು ಆರು ತಿಂಗಳು ಓದುವವರಿದ್ದಾರೆ. ವಾಣಿಜ್ಯದ ಮಕ್ಕಳು ಪರೀಕ್ಷೆಯ ಹಿಂದಿನ ವಾರ ಐವತ್ತು ಲೇಖನ ಇಳಿಸಿ ಒಂದನ್ನೂ ಓದದೆ ಇರಬಹುದು. ಓದುಗರು ಕಡಿಮೆಯಿರುವ ವಿಷಯಗಳನ್ನು ಕಾಯುವವರು ಗ್ರಂಥಪಾಲಕರೇ, ಅಂಕಿಗಳಲ್ಲ. ಕೌಂಟರ್ ವರದಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಅಂಕಿ ಬೇರೆ. ಓದುಗ ಬಾಗಿಲು ತಟ್ಟಿ, ಚಂದಾ ಇಲ್ಲದ ಕಾರಣ ಒಳಗೆ ಹೋಗಲಾಗದೆ ಹಿಂದಿರುಗಿದ ಸಲಗಳನ್ನೂ ಅದು ಎಣಿಸುತ್ತದೆ. ಆ ಕೋಷ್ಟಕವನ್ನು ಮೊದಲ ಬಾರಿ ಒಂದು ಕಾರ್ಯಾಗಾರದಲ್ಲಿ ಕಂಡಾಗ ನನ್ನ ಮೇಜಿನ ಡ್ರಾಯರಿನಲ್ಲಿದ್ದ ನೋಟ್‌ಬುಕ್ ನೆನಪಾಯಿತು.

ಇಷ್ಟೆಲ್ಲ ಆದರೂ 2009ರವರೆಗೆ ಇದು ವಿಶ್ವವಿದ್ಯಾಲಯಗಳ ಭಾಗ್ಯ. ಪದವಿ ಕಾಲೇಜುಗಳ ಹೊಸ್ತಿಲಿಗೆ ಬಂದಿರಲಿಲ್ಲ. ದೇಶದ ಪದವಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಓದುವುದು ಕಾಲೇಜುಗಳಲ್ಲೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಇನ್‌ಫ್ಲಿಬ್‌ನೆಟ್ ಮತ್ತು ಇಂಡೆಸ್ಟ್ ಕೂಡಿ ಕೇಂದ್ರದ ಶಿಕ್ಷಣ ಮಿಷನ್ನಿನ ಹಣದಲ್ಲಿ 'ಎನ್-ಲಿಸ್ಟ್' ರೂಪಿಸಿದವು. 2010ರಲ್ಲಿ ಅದು ವಿಧ್ಯುಕ್ತವಾಗಿ ಶುರುವಾಯಿತು. ಯುಜಿಸಿ ಮಾನ್ಯತೆಯ ಅನುದಾನಿತ ಕಾಲೇಜಾದ್ದರಿಂದ ನಮಗೂ ಅರ್ಹತೆ ಸಿಕ್ಕಿತು. ಈಗ ಅದಕ್ಕೆ ಕಾಲೇಜು ಕೊಡುವುದು ವರ್ಷಕ್ಕೆ 5000 ರೂಪಾಯಿ, ಜಿಎಸ್‌ಟಿ ಸೇರಿ 5900. ಬರುವುದು 6000ಕ್ಕೂ ಹೆಚ್ಚು ಇ-ಜರ್ನಲುಗಳು, 1,99,500ಕ್ಕೂ ಹೆಚ್ಚು ಇ-ಪುಸ್ತಕಗಳು. ಆಡಳಿತ ಮಂಡಳಿಯ ಸಭೆಯಲ್ಲಿ ಈ ಅಂಕಿಗಳನ್ನು ಓದಿದಾಗ ಸದಸ್ಯರೊಬ್ಬರು, "ಮೇಡಂ, ಒಂದು ಸೊನ್ನೆ ಹೆಚ್ಚಾಗಿದೆಯೇನೋ, ನೋಡಿ" ಎಂದರು.

ವಿಶ್ವವಿದ್ಯಾಲಯಗಳಲ್ಲಿ ಆವರಣದ ಐಪಿ ವಿಳಾಸವನ್ನು ಪ್ರಕಾಶಕರಿಗೆ ಕೊಟ್ಟರೆ ಒಳಗಿನ ಎಲ್ಲ ಕಂಪ್ಯೂಟರುಗಳಿಗೂ ಬಾಗಿಲು ತೆರೆಯುತ್ತದೆ. ನಮ್ಮಂಥ ಕಾಲೇಜುಗಳಿಗೆ ಸ್ಥಿರವಾದ ಐಪಿ ಎಲ್ಲಿಯದು? ಎನ್-ಲಿಸ್ಟ್ ಪ್ರತಿಯೊಬ್ಬರಿಗೂ ಸ್ವಂತ ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟಿತು. ಅದರಿಂದ ಮನೆಯಲ್ಲಿ ಕೂತೂ ಓದಬಹುದಾಯಿತು. ಆದರೆ ಆ ಪಟ್ಟಿ ತಯಾರಿಸಿ ಏರಿಸುವುದು ಕಾಲೇಜಿನ ಗ್ರಂಥಪಾಲಕರ ಕೆಲಸ. ಮೊದಲ ವರ್ಷ ಎಷ್ಟೋ ಅಧ್ಯಾಪಕರಿಗೆ ಇ-ಮೇಲ್ ವಿಳಾಸವೇ ಇರಲಿಲ್ಲ. ವಾಚನಾಲಯದ ಒಂದೇ ಒಂದು ಕಂಪ್ಯೂಟರಿನ ಮುಂದೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ವಿಳಾಸ ಮಾಡಿಕೊಟ್ಟೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅಂಗಿಯ ಜೊತೆ ಒಗೆಯಲು ಹೋಗುತ್ತಿತ್ತು. ಹಾಗಾಗಿ ಅದನ್ನು ಗ್ರಂಥಾಲಯ ಕಾರ್ಡಿನ ಹಿಂದೆಯೇ ಅಂಟಿಸಿದೆ. ಅದು ಸುರಕ್ಷಿತವಲ್ಲ ಎಂದು ಪಾಠ ಕಲಿತದ್ದು ಮುಂದಿನ ವರ್ಷ. ಒಬ್ಬ ಅಧ್ಯಾಪಕರ ಕಾರ್ಡಿನಿಂದ ಯಾರೋ ಒಂದು ಜರ್ನಲಿನ ಸಂಪುಟಗಟ್ಟಲೆ ಲೇಖನಗಳನ್ನು ಒಂದೇ ರಾತ್ರಿ ಇಳಿಸಿಕೊಂಡರು. ಪ್ರಕಾಶಕರ ಕಡೆಯಿಂದ ಖಾತೆ ನಿಂತಿತು, ವಿವರಣೆ ಕೇಳಿ ಪತ್ರ ಬಂತು. ಒಪ್ಪಂದದಲ್ಲಿದ್ದ ಒಂದು ಸಾಲನ್ನು ನಮ್ಮ ಓದುಗರಿಗೆ ನಾನು ವಿವರಿಸಿ ಹೇಳಿರಲಿಲ್ಲ. ಅಂದಿನಿಂದ ಪ್ರತಿ ಜುಲೈನಲ್ಲಿ ಹೊಸ ಮಕ್ಕಳಿಗೆ ಒಂದು ಗಂಟೆಯ ಪಾಠ ಇಟ್ಟೆ: ಏನು ಇಳಿಸಬಹುದು, ಎಷ್ಟು ಇಳಿಸಬಹುದು, ಮಿತಿ ಮೀರಿದರೆ ಯಾರೆಲ್ಲರಿಗೆ ತೊಂದರೆ.

ರಸಾಯನಶಾಸ್ತ್ರದ ಮೇಷ್ಟ್ರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಒಂದು ಮಧ್ಯಾಹ್ನ ಸುಮ್ಮನೆ ಬಂದವರಿಗೆ, ನೋಟ್‌ಬುಕ್ಕಿನಲ್ಲಿ ಅವರದೇ ಕೈಬರಹದ, ಗೆರೆ ಬೀಳದ ಒಂದು ಸಾಲು ತೋರಿಸಿ, ಕಂಪ್ಯೂಟರಿನಲ್ಲಿ ಹುಡುಕಿ ಆ ಲೇಖನ ತೆರೆದೆ. ಕನ್ನಡಕ ತೆಗೆದು ಒರೆಸಿಕೊಂಡು ಮೊದಲ ಪುಟ ಪೂರ್ತಿ ಓದಿದರು. ಆಮೇಲೆ ಪೆನ್ನು ತೆಗೆದುಕೊಂಡು ತಾವೇ ಆ ಸಾಲಿಗೆ ಗೆರೆ ಎಳೆದರು.

ಎಲ್ಲ ವಿಭಾಗಗಳಿಗೂ ಈ ಸುಖ ಸಮನಾಗಿ ಸಿಗಲಿಲ್ಲ. ಅರ್ಥಶಾಸ್ತ್ರ, ಇತಿಹಾಸ, ಇಂಗ್ಲಿಷ್ ವಿಭಾಗದವರು ಬೇಗ ಹಚ್ಚಿಕೊಂಡರು. ಕನ್ನಡ ವಿಭಾಗದ ಅಧ್ಯಾಪಕರು ಒಂದೆರಡು ದಿನ ಹುಡುಕಿ ಎದ್ದು ಹೋದರು. ವಚನಗಳ ಮೇಲೆ, ಹರಿದಾಸರ ಮೇಲೆ ಇಂಗ್ಲಿಷಿನಲ್ಲಿ ಬರೆದ ಲೇಖನ ಸಿಗುತ್ತಿತ್ತು. ಕನ್ನಡದಲ್ಲಿ ಕನ್ನಡದವರು ಬರೆದ ವಿಮರ್ಶೆ ಇರಲಿಲ್ಲ. ಅವರು ಮರಳಿ ಬಂದದ್ದು ಇನ್‌ಫ್ಲಿಬ್‌ನೆಟ್‌ನವರೇ ನಡೆಸುವ 'ಶೋಧಗಂಗಾ'ದಿಂದ. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಪೂರ್ಣವಾಗಿ, ಯಾವ ಪಾಸ್‌ವರ್ಡೂ ಇಲ್ಲದೆ ಸಿಗತೊಡಗಿದವು. ಒಕ್ಕೂಟಗಳು ಪರದೇಶದ ಜರ್ನಲಿಗೆ ಕೊಟ್ಟ ಗಮನದ ಒಂದು ಪಾಲನ್ನು ಕನ್ನಡ, ತೆಲುಗು, ಮರಾಠಿ ನಿಯತಕಾಲಿಕೆಗಳ ಹಳೆಯ ಸಂಪುಟಗಳಿಗೆ ಕೊಟ್ಟಿದ್ದರೆ ಈ ಹೊತ್ತಿಗೆ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಏನೆಲ್ಲ ಇರುತ್ತಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಒಟ್ಟಾಗಿ ಆರಿಸುವಾಗ, ಆ ಮೇಜಿನ ಸುತ್ತ ಯಾರು ಕೂತಿದ್ದಾರೆ ಎಂಬುದೂ ಆಯ್ಕೆಯನ್ನು ನಿರ್ಧರಿಸುತ್ತದೆ.

2015ರ ಕೊನೆಯಲ್ಲಿ ಯುಜಿಸಿ-ಇನ್ಫೋನೆಟ್, ಇಂಡೆಸ್ಟ್, ಎನ್-ಲಿಸ್ಟ್ ಮೂರೂ ಸೇರಿ 'ಇ-ಶೋಧಸಿಂಧು' ಆದವು. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ತನ್ನ ನಾಲ್ಕನೆಯ ಮಾನದಂಡದಲ್ಲಿ ಇ-ಶೋಧಸಿಂಧು, ಶೋಧಗಂಗಾ ಸದಸ್ಯತ್ವವನ್ನು ಕೇಳತೊಡಗಿದ ಮೇಲೆ ನವೀಕರಣದ ಕಡತ ಪ್ರಿನ್ಸಿಪಾಲರ ಮೇಜಿನಲ್ಲಿ ತಡವಾಗುವುದು ನಿಂತಿತು. ಬಳಕೆಯೂ ಅದೇ ವೇಗದಲ್ಲಿ ಏರಿತೆಂದು ಬರೆಯಲಾರೆ. ಸದಸ್ಯತ್ವದ ಪ್ರಮಾಣಪತ್ರ ತೋರಿಸುವುದಕ್ಕೆ ಒಂದು ದಿನ ಸಾಕು. ಒಬ್ಬ ವಿದ್ಯಾರ್ಥಿನಿ ತನಗೆ ಬೇಕಾದ ಲೇಖನವನ್ನು ತಾನೇ ಹುಡುಕಿಕೊಳ್ಳುವಂತೆ ಮಾಡಲು ಒಂದು ವರ್ಷ ಬೇಕು.

ಈಗ 'ಒಂದು ರಾಷ್ಟ್ರ, ಒಂದು ಚಂದಾ' ಬಂದಿದೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿ, 2025ರ ಜನವರಿಯಿಂದ ಜಾರಿಯಾದ ಈ ಯೋಜನೆಗೆ ಮೂರು ವರ್ಷಕ್ಕೆ 6000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲುಗಳು, 6300ಕ್ಕೂ ಹೆಚ್ಚು ಸಂಸ್ಥೆಗಳು. ಬೇರೆ ಬೇರೆ ಸಚಿವಾಲಯಗಳ ಅಡಿಯಲ್ಲಿ ಹತ್ತು ಒಕ್ಕೂಟಗಳು ಅದೇ ಪ್ರಕಾಶಕರ ಎದುರು ಬೇರೆ ಬೇರೆ ಕೂತು ಮಾತಾಡುತ್ತಿದ್ದದ್ದು ಇದರಿಂದ ತಪ್ಪುತ್ತದೆ. ಒಳ್ಳೆಯದೇ. ನಮ್ಮ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜಿನ ಹುಡುಗನಿಗೆ ಈಗ ಐಐಟಿಯವನಿಗೆ ಸಿಗುವ ಜರ್ನಲೇ ಸಿಗುತ್ತದೆಂಬುದು ನಾನು ಸೇವೆಗೆ ಸೇರಿದ ವರ್ಷ ಕನಸಿನಲ್ಲೂ ಎಣಿಸದ ಮಾತು. ಆದರೆ ಮೊದಲ ಹಂತ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಸಂಸ್ಥೆಗಳಿಗೆ. ಖಾಸಗಿ ಆಡಳಿತ ಮಂಡಳಿಯ ನಮ್ಮಂಥ ಕಾಲೇಜುಗಳು ಅದರಲ್ಲಿ ಇಲ್ಲ. ನಮ್ಮ ತರಗತಿಗಳಲ್ಲಿ ಕೂತಿರುವವರೂ ಅವೇ ಹಳ್ಳಿಗಳಿಂದ, ಅವೇ ಬಸ್ಸುಗಳಲ್ಲಿ ಬರುವ ಮಕ್ಕಳು. ನಮಗೆ ಎನ್-ಲಿಸ್ಟ್ ಇದೆ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ.

ಇನ್ನೊಂದು ಆತಂಕವೂ ಇದೆ. ಒಕ್ಕೂಟ ದೊಡ್ಡದಾದಷ್ಟೂ ಆಯ್ಕೆ ಮಾಡುವ ಜಾಗ ಓದುಗನಿಂದ ದೂರವಾಗುತ್ತದೆ. ಫೋರ್ಸಾದ ಗ್ರಂಥಪಾಲಕರಿಗೆ ತಮ್ಮ ವಿಜ್ಞಾನಿಗಳು ಯಾವ ಜರ್ನಲಿಗಾಗಿ ಕಾಯುತ್ತಾರೆ ಎಂದು ಮುಖ ನೋಡಿ ಗೊತ್ತಾಗುತ್ತಿತ್ತು. 13,000 ಜರ್ನಲುಗಳ ಇಡಿಗಂಟನ್ನು ಒಂದೇ ಸಲ ಕೊಳ್ಳುವಾಗ ನಮ್ಮೂರಿನ ಒಬ್ಬ ಅಧ್ಯಾಪಕಿಗೆ ಬೇಕಾದ ಒಂದು ಲೇಖನ ಯಾರ ಗಮನಕ್ಕೆ ಬರುತ್ತದೆ? ಬರಬೇಕಾದರೆ ಇಲ್ಲಿಂದ ಯಾರಾದರೂ ಬರೆದು ಕಳಿಸುತ್ತಲೇ ಇರಬೇಕು.

ನಿವೃತ್ತಿಯ ದಿನ ಬೀಗದ ಗೊಂಚಲು, ರಿಜಿಸ್ಟರುಗಳ ಜೊತೆಗೆ ಆ ನೋಟ್‌ಬುಕ್ಕನ್ನೂ ನನ್ನ ಸ್ಥಾನಕ್ಕೆ ಬಂದ ಹುಡುಗಿಯ ಕೈಗಿಟ್ಟೆ. ಈ ಲೇಖನಕ್ಕಾಗಿ ಮೊನ್ನೆ ಗ್ರಂಥಾಲಯಕ್ಕೆ ಹೋದಾಗ ಅದನ್ನು ತೆರೆದು ತೋರಿಸಿದಳು. ಹಳೆಯ ಪುಟಗಳು ತುಂಬಿ, ಹೊಸ ಹಾಳೆಗಳನ್ನು ಸೇರಿಸಿ ಹೊಲಿಸಿದ್ದಾಳೆ. ಪ್ರತಿ ಪುಟದಲ್ಲೂ ಒಂದು ಹೊಸ ಕಲಂ ಎಳೆದಿದ್ದಾಳೆ: 'ಒಕ್ಕೂಟಕ್ಕೆ ಬರೆದ ದಿನಾಂಕ'. ಆ ವಾರದ ಮೂರು ಸಾಲುಗಳ ಮುಂದೆಯೂ ದಿನಾಂಕ ಇತ್ತು.